ಎಕ್ಸ್‌ಟ್ರಾ ಪೆಟ್ರೋಲಿನ ಪೆರ್ದೋಮೋ

ಅರ್ನೋಬಿಯೋ ಪೆರ್ದೋಮೋ ತನ್ನ ಹೊಸ ಮೋಟಾರ್ ಸೈಕಲ್ಲಿಗೆ ಮೊದಲ ಸಲ ದುಬಾರಿಯ ಎಕ್ಸ್‌ಟ್ರಾ ಪೆಟ್ರೋಲು ಹಾಕಿಸಿದ್ದು ಎಂಜಿನ್ನಿನ ಆರೋಗ್ಯ ಯೋಚಿಸಿ ಅಲ್ಲ. ಬಂಕಿನ ಸಾಲಿನಲ್ಲಿ ಅವನ ಬೆನ್ನ ಹಿಂದೆಯೇ ನೋಟರಿ ಸಾಹೇಬರ ಕಾರು ನಿಂತಿತ್ತು, ಅದಕ್ಕೆ.

ಆ ನೋಟರಿ ಕಚೇರಿಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಕೊಲಂಬಿಯಾದ ಊಯ್ಲಾ ಸೀಮೆಯ ಸಾನ್ ಮೆಲ್ಚೋರ್ ಎಂಬ ಆ ಊರಿನಲ್ಲಿ ಯಾರು ಹುಟ್ಟಲಿ, ಸಾಯಲಿ, ಹಸು ಮಾರಲಿ, ಗಂಡನನ್ನು ಬಿಡಲಿ, ಕಾಗದದ ಮೇಲೆ ಮುದ್ರೆ ಒತ್ತುವ ಕೈ ಅರ್ನೋಬಿಯೋನದು. ಇಂಥ ಕೈಯುಳ್ಳವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಕೆಂಪು ಬಣ್ಣದ ನೂರಿಪ್ಪತ್ತೈದು ಸಿ.ಸಿ. ಗಾಡಿ ಬಂದಾಗ ಒಂದಿಷ್ಟು ಗತ್ತು ಬರುವುದು ಸಹಜವೇ.

ಹೆದ್ದಾರಿ ಬಂಕಿನ ಹೆಂಗಸು ನಳಿಕೆ ಹಿಡಿದುಕೊಂಡು, "ಯಾವುದು ಹಾಕ್ಲಿ? ಸಾದಾನೋ ಎಕ್ಸ್‌ಟ್ರಾನೋ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೇಳಿದಳು. ಅಂಥ ಗಾಡಿಗಳಿಗೆ ಊರಿಗೆ ಊರೇ ಸಾದಾ ಹಾಕಿಸುತ್ತದೆ. ಅರ್ನೋಬಿಯೋ ಬಾಯಿ ತೆರೆದದ್ದೂ ಅದನ್ನು ಹೇಳುವುದಕ್ಕೇ. ಅಷ್ಟರಲ್ಲಿ ಗಾಡಿಯ ಕನ್ನಡಿಯಲ್ಲಿ ನೋಟರಿಯವರ ಮೀಸೆ ಕಂಡಿತು.

"ಸಾ... ಸಾದಾ ಯಾರಿಗೆ ಬೇಕಮ್ಮ? ಎಕ್ಸ್‌ಟ್ರಾ! ಕಂಠಪೂರ್ತಿ ಹಾಕಿ. ಇದಕ್ಕೆ ಬೇರೆ ಯಾವುದೂ ಒಗ್ಗಲ್ಲ."

ನೋಟರಿ ಕಾರಿನ ಗಾಜು ಇಳಿಸಿದರು. "ಭೇಷ್ ಪೆರ್ದೋಮೋ! ನನ್ನ ಕಾರಿಗೇ ನಾನು ಸಾದಾ ಹಾಕಿಸ್ತೀನಿ. ನಿನ್ನ ಗಾಡಿ ನನ್ನ ಕಾರಿಗಿಂತ ದೊಡ್ಡ ಮನೆತನದ್ದು ಬಿಡಪ್ಪ."

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನೋಟರಿಯವರು ಅದನ್ನು ಸೋಮವಾರ ಕಚೇರಿಯಲ್ಲಿ ಹೇಳಿದರು, ಕಚೇರಿಯವರು ಕಾಫಿ ಅಂಗಡಿಯಲ್ಲಿ ಹೇಳಿದರು, ಸಂಜೆಯೊಳಗೆ ಅರ್ನೋಬಿಯೋಗೆ 'ಎಕ್ಸ್‌ಟ್ರಾ ಪೆರ್ದೋಮೋ' ಎಂಬ ಹೆಸರು ಬಿತ್ತು. ಊರೊಳಗಿನ ಬಂಕಿನಲ್ಲಿ ಎಕ್ಸ್‌ಟ್ರಾ ಸಿಗುತ್ತಿರಲಿಲ್ಲ. ಇನ್ನು ಮೇಲೆ ಹದಿನೆಂಟು ಕಿಲೋಮೀಟರು ಹೋಗಿಯೇ ಹಾಕಿಸಬೇಕಾಯಿತು, ಮಾನದ ಪ್ರಶ್ನೆ.

ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಆ ಮೊದಲ ಭಾನುವಾರ ಬಂಕಿನಿಂದ ವಾಪಸು ಬರುವಾಗ, ಏರು ಹತ್ತುವಲ್ಲಿ ಅವನ ಮೊಣಕಾಲುಗಳ ನಡುವಿನಿಂದ ಒಂದು ಶಬ್ದ ಕೇಳಿಸಿತು.

ಟಕ್, ಟಕ್, ಟಕ್, ಟಕ್.

ಅರ್ನೋಬಿಯೋ ಗಾಡಿ ನಿಲ್ಲಿಸಿದ. ಹೆಲ್ಮೆಟ್ ತೆಗೆದ. ಬಗ್ಗಿ ಕಿವಿಗೊಟ್ಟ. ಯಾರೋ ಒಳಗೆ ಕೂತು ಸಣ್ಣ ಸುತ್ತಿಗೆಯಲ್ಲಿ ಟಿನ್ನು ಬಡಿಯುತ್ತಿರುವ ಹಾಗೆ ಶಬ್ದ ಬರುತ್ತಿತ್ತು. ಅವನ ಮುಖಕ್ಕೆ ರಕ್ತ ಏರಿತು. ಹಳೆಯ ಗಾಡಿ ಸದ್ದು ಮಾಡಿದರೆ ಅದು ವಯಸ್ಸು. ಹೊಸ ಗಾಡಿ, ಅದೂ ಎಕ್ಸ್‌ಟ್ರಾ ಕುಡಿದು ಸದ್ದು ಮಾಡಿದರೆ ಅದು ಮೋಸ.

ಮನೆಯ ಮುಂದೆ ಗಾಡಿ ನಿಲ್ಲಿಸಿದ್ದೇ ತಡ, ಬಲಗಡೆ ಮನೆಯ ದೋನ್ ಎರ್ಮಿದೆಸ್ ಬನಿಯನ್ನಿನಲ್ಲೇ ಹೊರಗೆ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಎಂಜಿನ್ ಎಂದರೆ ತನಗೇ ಹುಟ್ಟಿದ ಕೂಸು ಎನ್ನುವ ಹಾಗೆ ಮಾತಾಡುವವನು.

"ಟ್ಯಾಪೆಟ್ಟು," ಎಂದ. "ಒಳಗೆ ವಾಲ್ವು ಬಡೀತಿದೆ. ಪೆಟ್ರೋಲು ಸರಿಯಿಲ್ಲ. ಏನು ಹಾಕ್ಸಿದ್ದೀರಿ?"

"ಎಕ್ಸ್‌ಟ್ರಾ!"

"ಅದಕ್ಕೇ ಮತ್ತೆ! ಸಣ್ಣ ಎಂಜಿನ್ನಿಗೆ ಎಕ್ಸ್‌ಟ್ರಾ ಅಂದ್ರೆ ಹಸುಗೂಸಿಗೆ ಅಗ್ವಾರ್ದಿಯೆಂತೆ ಸಾರಾಯಿ ಕುಡಿಸಿದ ಹಾಗೆ. ಒಳಗೆಲ್ಲ ಸುಟ್ಟು ಹೋಗುತ್ತೆ."

ಎಡಗಡೆ ಮನೆಯ ದೋನ್ಯಾ ಓತಿಲ್ಯಾ ಕಿಟಕಿಯಿಂದ ತಲೆ ಹಾಕಿದಳು. ಶಾಲೆಯಲ್ಲಿ ನಲವತ್ತು ವರ್ಷ ಪಾಠ ಹೇಳಿದವಳು. ಯಾರು ಏನು ಹೇಳಿದರೂ ತಿದ್ದುವುದು ಅವಳ ಅಭ್ಯಾಸ. "ತಪ್ಪು! ನನ್ನ ಅಳಿಯನ ಗಾಡೀನೂ ಹೀಗೇ ಬಡ್ಕೋತಿತ್ತು. ಎಕ್ಸ್‌ಟ್ರಾ ಹಾಕಿದ್ಮೇಲೆ ಬಾಯಿ ಮುಚ್ತು. ಒಂದು ಟ್ಯಾಂಕಿಗೆ ಏನು ಗೊತ್ತಾಗುತ್ತೆ? ಇನ್ನೂ ಹಾಕ್ಸಿ ದೋನ್ ಅರ್ನೋಬಿಯೋ!"

"ನಿಮ್ಮ ಅಳಿಯ ಆ ಗಾಡೀನ ಮಾರಿಬಿಟ್ಟನಲ್ಲಮ್ಮ, ಅದಕ್ಕೆ ಸದ್ದು ನಿಂತಿದ್ದು," ಎಂದ ಎರ್ಮಿದೆಸ್.

ಬೀದಿ ಎರಡು ಪಂಗಡವಾಯಿತು. ಸಾದಾ ಪಂಗಡ, ಎಕ್ಸ್‌ಟ್ರಾ ಪಂಗಡ. ಬ್ರೆಡ್ಡಿನ ಅಂಗಡಿಯವನು ಸಾದಾ, ಕ್ಷೌರದವನು ಎಕ್ಸ್‌ಟ್ರಾ, ಪಾದ್ರಿಯವರು ಮಾತ್ರ ಎರಡನ್ನೂ ಬೆರೆಸಿ ಎಂದರು. ಗಾಡಿಯನ್ನು ಹತ್ತಿ ನೋಡಿದವರು ಒಬ್ಬರೂ ಇಲ್ಲ, ಅಭಿಪ್ರಾಯ ಇಲ್ಲದವರೂ ಒಬ್ಬರಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದವಳು ಅರ್ನೋಬಿಯೋನ ಹೆಂಡತಿ ನೂಬಿಯಾ. ಅವಳು ಅಚೀರಾ ಗೆಡ್ಡೆಯ ಹಿಟ್ಟಿಗೆ ಚೀಸು ಬೆರೆಸಿ ಬಿಸ್ಕತ್ತು ಸುಡುತ್ತಾಳೆ. ಬಸ್ ನಿಲ್ದಾಣದ ಅಂಗಡಿಗಳಿಗೆಲ್ಲ ಅವಳದೇ ಬಿಸ್ಕತ್ತು. ಗಾಡಿ ಕೊಂಡದ್ದು ನಿಜವಾಗಿ ಆ ಬಿಸ್ಕತ್ತಿನ ಸಲುವಾಗಿ. ಅರ್ಧ ದುಡ್ಡು ಅವಳದು. ಅಲ್ಲಿಯವರೆಗೆ ಎರಡು ದೊಡ್ಡ ಡಬ್ಬಿ ಹೊತ್ತು ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದಳು.

"ಅದು ಓಡುತ್ತೋ ಇಲ್ವೋ?" ಎಂದು ಕೇಳಿದಳು.

"ಓಡುತ್ತೆ ಕಣೆ, ಆದ್ರೆ ಶಬ್ದ ಮಾಡುತ್ತೆ!"

"ನೀವೂ ಮಾಡ್ತೀರಿ. ನಾಳೆ ಡಬ್ಬಿ ತಗೊಂಡು ಹೋಗ್ಬಹುದಾ?"

"ವಿಚಾರಣೆ ಮುಗಿಯೋವರೆಗೆ ಒಂದು ಬಿಸ್ಕತ್ತೂ ಇದರ ಮೇಲೆ ಹತ್ತಕೂಡದು," ಎಂದ ಅರ್ನೋಬಿಯೋ. ನೂಬಿಯಾ ಕೈ ಒರೆಸಿದ ಬಟ್ಟೆಯನ್ನು ಪಟ್ ಎಂದು ಒದರಿ ಒಳಗೆ ಹೋದಳು. ಆ ಸದ್ದಿನ ಅರ್ಥ ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವನಿಗೆ ಗೊತ್ತಾಗಬೇಕಿತ್ತು. ಆದರೆ ಅವನ ಎರಡೂ ಕಿವಿ ಎಂಜಿನ್ನಿನ ಮೇಲಿದ್ದವು.

ಮಾರನೆಯ ದಿನ ಅವನು ಶೋರೂಮಿಗೆ ಹೋದ. ಯೆಯ್ಸನ್ ಎಂಬ ಮಾರಾಟಗಾರ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು ಎರಡನ್ನೂ ತೊಟ್ಟುಕೊಂಡು ಬಂದ. ಗಾಡಿ ಚಾಲೂ ಮಾಡಿ ಎರಡು ನಿಮಿಷ ಕೇಳಿದ.

"ಇದು ನಾರ್ಮಲ್ ಸೆನ್ಯೋರ್. ಹೊಸ ಎಂಜಿನ್ ಎಲ್ಲ ಹೀಗೇ ಸದ್ದು ಮಾಡೋದು."

"ನಾರ್ಮಲ್ಲಾ? ನಗ್ತಾ ಬೇರೆ ಹೇಳ್ತೀಯಲ್ಲಯ್ಯ! ನಾನು ಕೊಳ್ಳೋವಾಗ ಯಾಕೆ ಹೇಳ್ಲಿಲ್ಲ?"

"ಆಗ ನೀವು ಬಣ್ಣ ಮಾತ್ರ ಕೇಳಿದ್ರಿ."

"ಸರಿ, ಪೆಟ್ರೋಲು ಯಾವುದು ಹಾಕ್ಬೇಕು?"

"ನಿಮಗೆ ಯಾವುದು ಇಷ್ಟಾನೋ ಅದು," ಎಂದು ಯೆಯ್ಸನ್ ಇನ್ನಷ್ಟು ನಕ್ಕ.

ಆ ನಗೆಯೇ ಎಲ್ಲವನ್ನೂ ಕೆಡಿಸಿತು. ಅರ್ನೋಬಿಯೋ ನೇರವಾಗಿ ಕಚೇರಿಗೆ ಬಂದು ಸರ್ಕಾರಿ ಕಾಗದ ತೆಗೆದು, ಶೋರೂಮಿನ ಹೆಸರಿಗೆ ಒಂದು ಮನವಿ ಬರೆದ. ಮನವಿ ಬರೆಯುವುದರಲ್ಲಿ ಅವನ ಸಮ ಆ ಜಿಲ್ಲೆಯಲ್ಲಿರಲಿಲ್ಲ. 'ಮೊದಲನೆಯ ಸಂಗತಿ: ನಾನು ಸತ್ಪ್ರಜೆಯಾಗಿದ್ದು ಒಂದು ನಿಶ್ಶಬ್ದ ವಾಹನವನ್ನು ಖರೀದಿಸಿರುತ್ತೇನೆ. ಎರಡನೆಯ ಸಂಗತಿ: ಸದರಿ ವಾಹನವು ನಿಶ್ಶಬ್ದವಾಗಿರುವುದಿಲ್ಲ.' ಹೀಗೆ ಹದಿನೇಳು ಸಂಗತಿಗಳು. ಹದಿನೈದು ದಿನದ ನಂತರ ಎರಡು ಸಾಲಿನ ಉತ್ತರ ಬಂತು: 'ಸದರಿ ಶಬ್ದವು ಉತ್ಪನ್ನದ ಸ್ವಭಾವವಾಗಿರುತ್ತದೆ. ತಮ್ಮ ವಿಶ್ವಾಸಕ್ಕೆ ವಂದನೆಗಳು.'

"ಸ್ವಭಾವ!" ಎಂದು ಅರ್ನೋಬಿಯೋ ಊಟದ ಮೇಜು ಗುದ್ದಿದ. ಬೀನ್ಸಿನ ಸಾರು ಮೇಜಿನ ಬಟ್ಟೆಗೆ ಚೆಲ್ಲಿತು. "ಕಳ್ಳನಿಗೂ ಕದಿಯೋದು ಸ್ವಭಾವ! ಅವನಿಗೆ ವಂದನೆ ಹೇಳಿ ಕಳಿಸ್ತಾರಾ?"

"ಬಟ್ಟೆ ಒಗೀಬೇಕಾಗಿರೋಳು ನಾನು," ಎಂದಳು ನೂಬಿಯಾ.

ಈ ಊರಿನಲ್ಲಿ ಎಂಜಿನ್ನಿನ ನಾಡಿ ಬಲ್ಲವನು ಒಬ್ಬನೇ. ಅವನು ಗ್ಯಾರೇಜಿನ ಉಲ್ಪಿಯಾನೋ. ಅರ್ನೋಬಿಯೋನ ಮಗಳ ನಾಮಕರಣದಲ್ಲಿ ಮಗುವನ್ನು ಎತ್ತಿ ಹಿಡಿದವನು, ಹಾಗಾಗಿ ಕಂಪಾದ್ರೆ. ಅಣ್ಣತಮ್ಮಂದಿರಿಗಿಂತ ಹೆಚ್ಚಿನ ನಂಟು. ರಸ್ತೆಯ ಆಚೆ ಬದಿಯಿಂದಲೇ ಗಾಡಿಯ ಸದ್ದು ಕೇಳಿ, 'ಪ್ಲಗ್ ಹೋಗಿದೆ' ಎನ್ನುವಂಥ ಕಿವಿ ಅವನದು. ಆದರೆ ಅರ್ನೋಬಿಯೋ ಗಾಡಿ ಕೊಂಡ ಹೊಸದರಲ್ಲಿ ಅವನ ಗ್ಯಾರೇಜಿನ ಮುಂದೆ ನಿಲ್ಲಿಸಿ, ವಾರಂಟಿ ಕಾರ್ಡು ತೋರಿಸಿ ಒಂದು ಮಾತಾಡಿದ್ದ: "ಇನ್ನು ನಿಮ್ಮ ಕೈ ಕಪ್ಪು ಮಾಡ್ಕೋಬೇಕಿಲ್ಲ ಕಂಪಾದ್ರೆ. ಇದನ್ನ ಅಧಿಕೃತ ಮೆಕ್ಯಾನಿಕ್ ಮಾತ್ರ ಮುಟ್ಟಬೇಕು ಅಂತ ಬರೆದಿದೆ."

ಈಗ ಅದೇ ಕಂಪಾದ್ರೆಯ ಮುಂದೆ ಟಕ್ ಟಕ್ ಎನ್ನಿಸಿಕೊಂಡು ನಿಂತ. ಉಲ್ಪಿಯಾನೋ ಯಾರದೋ ಹಳೆಯ ಗಾಡಿಯ ಚೈನು ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ಕಂಪಾದ್ರೆ, ಸುಮ್ನೆ ಒಂದ್ಸಲ ಕೇಳಿ ಹೇಳಿ. ಮುಟ್ಟೋದು ಬೇಡ."

"ಮುಟ್ಟೋಕೆ ಕೈ ಅಧಿಕೃತ ಅಲ್ಲ ಅಂದ್ರಿ. ಕಿವಿ ಮಾತ್ರ ಹೇಗೆ ಅಧಿಕೃತ ಆಗುತ್ತೆ?"

"ನನ್ನ ಮಗಳ ಮೇಲಾಣೆ..."

"ಅವಳು ನನಗೂ ಮಗಳು, ಆಣೆಗೆಲ್ಲ ಎಳೀಬೇಡಿ. ಹೋಗಿ ಕಂಪಾದ್ರೆ. ಆ ಕಾರ್ಡಿಗೇ ಕೇಳಿಸಿ."

ಅರ್ನೋಬಿಯೋ ಇಡೀ ಲೋಕವೇ ತನ್ನ ವಿರುದ್ಧ ಒಳಸಂಚು ಮಾಡಿದೆ ಎಂದು ತೀರ್ಮಾನಿಸಿದ. ಇನ್ನು ಸತ್ಯವನ್ನು ತಾನೇ ಕಂಡುಹಿಡಿಯಬೇಕು. ಅಂದಿನಿಂದ ಪ್ರಯೋಗಗಳು ಶುರುವಾದವು.

ಸೋಮವಾರ ಎಕ್ಸ್‌ಟ್ರಾ. ಬುಧವಾರ ಟ್ಯಾಂಕು ಬಸಿದು ಸಾದಾ. ಶುಕ್ರವಾರ ಪಾದ್ರಿಯವರ ಮಿಶ್ರಣ. ಎಕ್ಸ್‌ಟ್ರಾ ತರಲು ಹೋಗಿಬರುವುದು ಮೂವತ್ತಾರು ಕಿಲೋಮೀಟರು; ಸಾದಾ ಹಾಕಿಸುವುದನ್ನು ಯಾರೂ ನೋಡಬಾರದೆಂದು ಪಕ್ಕದ ಊರಿಗೆ ಹೋಗಿಬರುವುದು ಇಪ್ಪತ್ತೆಂಟು. ದಿನಾ ಬೆಳಗ್ಗೆ ಐದಕ್ಕೆ ಎದ್ದು ಗಾಡಿಯನ್ನು ಪಡಸಾಲೆಯಲ್ಲಿ ಚಾಲೂ ಮಾಡಿ, ಹಳೆಯ ಲೆಡ್ಜರೊಂದರಲ್ಲಿ ಬರೆಯುತ್ತಿದ್ದ: 'ಐದು ಗಂಟೆ ಹತ್ತು ನಿಮಿಷ. ಎಕ್ಸ್‌ಟ್ರಾ. ಒಣ ಟಕ್. ಐದು ಗಂಟೆ ಹದಿನಾಲ್ಕು ನಿಮಿಷ. ಟಕ್ಕು ಸ್ವಲ್ಪ ತೇವ. ಐದೂವರೆ. ಟಕ್ಕಿನ ನಡುವೆ ಒಂದು ಟಿಕ್ಕು, ದೃಢಪಡಬೇಕಿದೆ.' ಅಕ್ಕಪಕ್ಕದವರನ್ನು ಕರೆದು ಸಾಕ್ಷಿ ಸಹಿ ಹಾಕಿಸುತ್ತಿದ್ದ. ಮೊದಲ ವಾರ ಅವರು ಕರಿ ಕಾಫಿಯ ಆಸೆಗೆ ಬಂದರು. ಎರಡನೆಯ ವಾರ ಬಾಗಿಲು ತೆರೆಯಲಿಲ್ಲ.

ನೂಬಿಯಾ ಗಾಡಿಯ ಹಿಂದೆ ಡಬ್ಬಿಗಳಿಗೆಂದು ಕಬ್ಬಿಣದ ಸ್ಟ್ಯಾಂಡು ಹಾಕಿಸಿದ್ದಳು. ಅದನ್ನೂ ಅವನು ಬಿಚ್ಚಿಸಿದ. ಸ್ಟ್ಯಾಂಡು ಅಲ್ಲಾಡಿ ಸದ್ದು ಬಂತು ಎಂದು ನಾಳೆ ಎದುರು ಪಕ್ಷದವರು ವಾದ ಮಾಡಿದರೆ?

ಅಷ್ಟರಲ್ಲಿ ದೋನ್ಯಾ ಓತಿಲ್ಯಾಳ ಗಿಳಿ ಆ ಸದ್ದು ಕಲಿತುಬಿಟ್ಟಿತು. ಮಧ್ಯಾಹ್ನ ಅರ್ನೋಬಿಯೋ ಊಟಕ್ಕೆ ಬಂದು ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ಪಕ್ಕದ ಮನೆಯಿಂದ ಟಕ್ ಟಕ್ ಟಕ್. ಯಾರೋ ತನ್ನ ಗಾಡಿ ಚಾಲೂ ಮಾಡಿದರೆಂದು ಕೈ ತೊಳೆಯದೆ ಹೊರಗೋಡುತ್ತಿದ್ದ. ಗಿಳಿ ತಲೆ ಓರೆ ಮಾಡಿ ಅವನನ್ನೇ ನೋಡುತ್ತ ಇನ್ನೂ ನಾಲ್ಕು ಸಲ ಬಡಿಯುತ್ತಿತ್ತು.

"ಈ ಪ್ರಾಣಿಗೆ ಯಾರೋ ಹೇಳಿಕೊಟ್ಟಿದ್ದಾರೆ!" ಎಂದು ಅವನು ಕೂಗಾಡಿದ.

"ಹೌದು, ನೀವೇ," ಎಂದಳು ದೋನ್ಯಾ ಓತಿಲ್ಯಾ. "ದಿನಾ ಐದು ಗಂಟೆಗೆ. ನನ್ನ ಶಾಲೆ ಮಕ್ಕಳು ಇಷ್ಟು ಶ್ರದ್ಧೆಯಿಂದ ಗುಣಾಕಾರ ಕಲೀಲಿಲ್ಲ."

ಗಾಡಿ ಬಂದ ಮೂವತ್ತೆಂಟನೆಯ ದಿನ, ಸೋಮವಾರ, ಅರ್ನೋಬಿಯೋಗೆ ಒಂದು ಲಕೋಟೆ ಬಂತು. ಪೊಲೀಸ್ ಇನ್ಸ್‌ಪೆಕ್ಷನ್ ಕಚೇರಿಯದು. ಹೆಸರಿಗಷ್ಟೇ ಪೊಲೀಸು; ಬೇಲಿ, ಕೋಳಿ, ಚರಂಡಿ, ಗದ್ದಲ ಎಂದು ನೆರೆಹೊರೆಯವರು ಕಿತ್ತಾಡಿದಾಗ ರಾಜಿ ಮಾಡಿಸುವ ಜಾಗ. 'ನಿಮ್ಮ ವಾಹನದಿಂದ ಉಂಟಾಗುತ್ತಿರುವ ಉಪದ್ರವದ ಬಗ್ಗೆ ಸದರಿ ಬೀದಿಯ ನಿವಾಸಿಯೊಬ್ಬರು ದೂರು ನೀಡಿರುತ್ತಾರೆ. ಗುರುವಾರ ಒಂಬತ್ತು ಗಂಟೆಗೆ ವಾಹನ ಸಮೇತ ಹಾಜರಾಗತಕ್ಕದ್ದು.'

ಶಬ್ದದಿಂದ ನೊಂದವನು ತಾನು. ಶಬ್ದ ಮಾಡಿದ ಆರೋಪವೂ ತನ್ನ ಮೇಲೆಯೇ!

"ನಿವಾಸಿಯೊಬ್ಬರು! ಹೆಸರು ಹೇಳೋ ಧೈರ್ಯ ಇಲ್ಲ. ಯಾರಿರಬಹುದು ನೂಬಿಯಾ?"

"ಗುರುವಾರ ಹೋಗ್ತೀರಲ್ಲ, ಗೊತ್ತಾಗುತ್ತೆ," ಎಂದು ಅವಳು ಬಿಸ್ಕತ್ತಿನ ತಟ್ಟೆಯನ್ನು ಒಲೆಗೆ ತಳ್ಳಿದಳು.

ಗುರುವಾರದವರೆಗೆ ಕಾಯುವ ಗಂಡಸು ಅವನಲ್ಲ. ಮೊದಲು ಎರ್ಮಿದೆಸ್‌ನ ಬಾಗಿಲು ಬಡಿದ. "ಸಾದಾ ಪೆಟ್ರೋಲಿನ ಸೇಡನ್ನ ಹೀಗೆ ತೀರಿಸ್ಕೊಂಡ್ರಾ?" ಎರ್ಮಿದೆಸ್, "ನಾನು ದೂರು ಕೊಡೋನಾಗಿದ್ರೆ ನಿಮ್ಮ ಗಂಟಲಿನ ಮೇಲೆ ಕೊಡ್ತಿದ್ದೆ," ಎಂದು ಬಾಗಿಲು ಹಾಕಿಕೊಂಡ. ಆಮೇಲೆ ದೋನ್ಯಾ ಓತಿಲ್ಯಾ. ಗಿಳಿಯನ್ನು ಎರಡನೆಯ ಆರೋಪಿ ಮಾಡುವುದಾಗಿ ಅವಳಿಗೆ ಹೇಳಿದ. ಕ್ಷೌರದವನ ಕುರ್ಚಿಯಲ್ಲಿ ಕೂತು ಅವನ ಮೇಲೂ ಆರೋಪ ಹೊರಿಸಿ, ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ಬಂದ. ಪಾದ್ರಿಯವರನ್ನೂ ಬಿಡಲಿಲ್ಲ, ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಮಂಡಿಯೂರಿ, "ನನ್ನ ಪಾಪ ಇರಲಿ, ನಿಮ್ಮ ಹತ್ರ ಯಾರಾದ್ರೂ ದೂರಿನ ಪಾಪ ಹೇಳ್ಕೊಂಡ್ರಾ?" ಎಂದು ಕೇಳಿದ. ಬುಧವಾರ ಸಂಜೆಯ ಹೊತ್ತಿಗೆ ಆ ಬೀದಿಯಲ್ಲಿ ಅವನೊಂದಿಗೆ ಮಾತಾಡುವ ಒಂದು ಜೀವವಿದ್ದರೆ ಅದು ಆ ಗಿಳಿ ಮಾತ್ರ.

ಗುರುವಾರ ಇನ್ಸ್‌ಪೆಕ್ಷನ್ ಕಚೇರಿಯ ಅಂಗಳ ತುಂಬಿ ಹೋಗಿತ್ತು. ಬೀದಿಗೆ ಬೀದಿಯೇ ಬಂದಿತ್ತು. ನೋಟರಿ ಸಾಹೇಬರೂ, "ಸುಮ್ನೆ ಈ ಕಡೆ ಬಂದೆ," ಎಂದು ಕುರ್ಚಿ ಎಳೆದುಕೊಂಡರು. ಕಿತ್ತಳೆ ಹಣ್ಣಿನ ಗಾಡಿಯವನೊಬ್ಬ ಗೇಟಿನಲ್ಲಿ ವ್ಯಾಪಾರ ಹೂಡಿದ್ದ. ಇನ್ಸ್‌ಪೆಕ್ಟರ್ ಯಾನೆತ್ ಮೇಡಂ ಕನ್ನಡಕದ ಮೇಲಿಂದ ಎಲ್ಲರನ್ನೂ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ದೂರನ್ನು ಓದಲು ಶುರು ಮಾಡಿದರು.

"ಮೊದಲನೆಯ ಸಂಗತಿ: ಎರಡು ವಾರಕ್ಕೂ ಮೇಲ್ಪಟ್ಟು ಸದರಿ ವಾಹನವು ಬೆಳಗ್ಗೆ ಐದು ಗಂಟೆಗೆ ಎದ್ದು, ಎಲ್ಲಿಗೂ ಹೋಗದೆ, ಮನೆಯೊಳಗೆ ನಿಂತು ಸದ್ದು ಮಾಡುತ್ತಿರುತ್ತದೆ."

ಅರ್ನೋಬಿಯೋ ತಲೆದೂಗಿದ. "ದುಷ್ಟ! ಆದ್ರೂ ಬರವಣಿಗೆ ಬರುತ್ತೆ ಇವನಿಗೆ. 'ಎಲ್ಲಿಗೂ ಹೋಗದೆ', ಚೆನ್ನಾಗಿದೆ. ಯಾರೋ ಒಳ್ಳೇ ವಕೀಲನನ್ನ ಹಿಡಿದಿದ್ದಾನೆ."

"ಎರಡನೆಯ ಸಂಗತಿ: ವಾಹನವು ಪೆಟ್ರೋಲು ಕುಡಿಯುವುದಕ್ಕಾಗಿ ಪೆಟ್ರೋಲು ಸುಡುತ್ತದೆ. ವಾರದಲ್ಲಿ ಮೂರು ದಿನ ಪೆಟ್ರೋಲು ತರಲು ಹೋಗುವುದನ್ನು ಬಿಟ್ಟು ಅದಕ್ಕೆ ಬೇರೆ ಉದ್ಯೋಗವಿರುವುದಿಲ್ಲ."

ಅಂಗಳದಲ್ಲಿ ನಗು ಎದ್ದಿತು. ನೋಟರಿಯವರು ಕರವಸ್ತ್ರ ತೆಗೆದುಕೊಂಡರು.

"ಮೂರನೆಯ ಸಂಗತಿ: ಸದರಿ ವಾಹನವನ್ನು ಖರೀದಿಸಿದ ಉದ್ದೇಶವಾದ ಅಚೀರಾ ಬಿಸ್ಕತ್ತುಗಳು ಇಂದಿಗೂ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡುತ್ತಿವೆ."

ಆಗ ಅಂಗಳದಲ್ಲಿದ್ದವರಿಗೆಲ್ಲ ಗೊತ್ತಾಯಿತು. ಗೊತ್ತಾಗದವನು ಒಬ್ಬನೇ. ಅವನು ಎದ್ದು ನಿಂತು ಎರ್ಮಿದೆಸ್ ಕಡೆ ಬೆರಳು ಚಾಚಿದ.

"ನೋಡಿ ಮೇಡಂ, ನೋಡಿ! ಬಿಸ್ಕತ್ತಿನ ವಿಷಯ ಇವನಿಗೆ ಹೇಗೆ ಗೊತ್ತಾಯ್ತು? ಅದು ನಮ್ಮ ಮನೆಯೊಳಗಿನ ಮಾತು! ನಮ್ಮ ಗೋಡೆಗೆ ಕಿವಿ ಹಚ್ಚಿ ಕೂತಿದ್ದಾನೆ! ನನ್ನ ಹೆಂಡತಿ ಬಡಪಾಯಿ, ಒಲೆ ಮುಂದೆ ನಿಂತು ಒಂದು ಮಾತಾಡಿದ್ರೆ ಅದನ್ನೂ ಕದ್ದು ಕೇಳಿ..."

"ಕೂತ್ಕೊಳ್ಳಿ ಅರ್ನೋಬಿಯೋ," ಎಂದು ಹಿಂದಿನಿಂದ ದನಿ ಬಂತು. "ದೂರು ಕೊಟ್ಟಿದ್ದು ನಾನು."

ನೂಬಿಯಾ ಎದ್ದು ನಿಂತಿದ್ದಳು. ಚರ್ಚಿಗೆ ಹೋಗುವಾಗ ಉಡುವ ನೀಲಿ ಗೌನು. ಕೈಯಲ್ಲಿ ಚೀಲ.

ಅರ್ನೋಬಿಯೋ ಚಾಚಿದ ಬೆರಳನ್ನು ಎರ್ಮಿದೆಸ್ ಕಡೆಯಿಂದ ಹೆಂಡತಿಯ ಕಡೆಗೆ ತಿರುಗಿಸಿದ.

"ನೀನಾ? ನನ್ನ ಮೇಲೆ? ಕಟ್ಟಿಕೊಂಡ ಗಂಡನ ಮೇಲೆ? ಇದು ಯಾವ ಕಾನೂನಿನಲ್ಲಿದೆ ಮೇಡಂ?"

"ಬೀದಿಯ ನಿವಾಸಿ ಯಾರು ಬೇಕಾದ್ರೂ ಕೊಡಬಹುದು," ಎಂದರು ಯಾನೆತ್ ಮೇಡಂ. "ಅವರು ಆ ಬೀದಿಯಲ್ಲೇ ಇರೋದು ತಾನೆ?"

"ಒಂದೇ ಮಂಚದಲ್ಲಿ ಮಲಗೋಳು! ಬಾಯಲ್ಲಿ ಹೇಳಬಹುದಿತ್ತಲ್ಲ!"

"ಮೂವತ್ತೆಂಟು ಸಲ ಹೇಳ್ದೆ," ಎಂದಳು ನೂಬಿಯಾ. "ನಿಮ್ಮ ಲೆಡ್ಜರಿನಲ್ಲೇ ಕೊನೇ ಹಾಳೇಲಿ ಗೀಟು ಹಾಕ್ತಾ ಬಂದಿದ್ದೀನಿ, ನೋಡ್ಕೊಳ್ಳಿ. ಒಂದ್ಸಲಾನೂ ಕೇಳಿಸ್ಕೊಳ್ಲಿಲ್ಲ. ನೀವು ಬರೆದ ಕಾಗದ ಮಾತ್ರ ನಿಮಗೆ ಅರ್ಥ ಆಗೋದು. ಅದಕ್ಕೆ ನಿಮ್ಮ ಮನವಿ ಎದುರಿಗಿಟ್ಕೊಂಡು ಅದೇ ಥರ ಬರೆದೆ. ಇವತ್ತು ಅದನ್ನ ಓದೋವಾಗ 'ಚೆನ್ನಾಗಿದೆ' ಅಂದ್ರಲ್ಲ, ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲನೇ ಹೊಗಳಿಕೆ."

ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಯಾನೆತ್ ಮೇಡಂ ಮೇಜು ಕುಟ್ಟಿದರು. "ಮೊದಲು ಈ ಶಬ್ದದ ವಿಷಯ ಇತ್ಯರ್ಥ ಆಗ್ಲಿ. ನಾನು ತಜ್ಞರನ್ನ ಕರೆಸಿದ್ದೀನಿ. ಸೆನ್ಯೋರ್ ಉಲ್ಪಿಯಾನೋ!"

ಉಲ್ಪಿಯಾನೋ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಅಂಗಿಯ ಮೇಲಿನ ಗುಂಡಿಯವರೆಗೆ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿದ್ದ.

"ಒಂದು ತೊಂದರೆ ಇದೆ ಮೇಡಂ. ನನ್ನ ಕಿವಿ ಅಧಿಕೃತ ಅಲ್ಲ. ನಮ್ಮ ಕಂಪಾದ್ರೆ ಹತ್ರ ಕಾರ್ಡಿದೆ."

ಯಾನೆತ್ ಮೇಡಂ ಮೇಜಿನ ಮೇಲಿದ್ದ ಕಚೇರಿಯ ಮುದ್ರೆ ಎತ್ತಿ, ನೇಮಕದ ಕಾಗದದ ಮೇಲೆ ಧಡ್ ಎಂದು ಒತ್ತಿ ಅವನ ಕೈಗೆ ಕೊಟ್ಟರು. "ಈಗ ಅಧಿಕೃತ. ಎರಡೂ ಕಿವಿ. ಕೇಳಿ ಹೇಳಿ."

ಗಾಡಿ ಚಾಲೂ ಆಯಿತು. ಉಲ್ಪಿಯಾನೋ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ಎರ್ಮಿದೆಸ್ ಹಣೆಗೆ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡ.

"ಟ್ಯಾಪೆಟ್ಟು," ಎಂದ ಉಲ್ಪಿಯಾನೋ.

"ನಾನು ಹೇಳಿರ್ಲಿಲ್ವಾ!" ಎಂದು ಎರ್ಮಿದೆಸ್ ಎದ್ದ.

"ಏನೂ ಆಗಿಲ್ಲ. ಹೊಸ ಎಂಜಿನ್ನು, ವಾಲ್ವಿಗೆ ಬಿಟ್ಟಿರೋ ಸಂದಿ ಸರಿಯಾಗಿದೆ, ಅದಕ್ಕೆ ಟಕ್ ಅನ್ನುತ್ತೆ. ಸಂದಿ ಮುಚ್ಚಿಹೋದ್ರೆ ಸದ್ದು ನಿಲ್ಲುತ್ತೆ, ಆಮೇಲೆ ವಾಲ್ವು ಸುಡುತ್ತೆ. ಸದ್ದು ನಿಂತ ದಿನ ಹೆದರ್ಬೇಕು ಕಂಪಾದ್ರೆ. ಈಗ ಹೆದರೋ ಕಾರಣ ಇಲ್ಲ."

"ಪೆಟ್ರೋಲು?" ಎಂದು ಎರಡೂ ಪಂಗಡದವರು ಒಟ್ಟಿಗೇ ಕೂಗಿದರು.

"ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರಲ್ಲ. ಯಾರಾದ್ರೂ ಓದಿದ್ದೀರಾ?"

ಪುಸ್ತಕ ಅರ್ನೋಬಿಯೋನ ಫೈಲಿನಲ್ಲಿತ್ತು. ಅದನ್ನು 'ಸಾಕ್ಷ್ಯ ಸಂಖ್ಯೆ ಮೂರು' ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅರಗು ಹಾಕಿ ಮೊಹರು ಮಾಡಿದ್ದ. ಒಡೆಯಬಾರದೆಂದು ತಾನೂ ಓದಿರಲಿಲ್ಲ. ಯಾನೆತ್ ಮೇಡಂ ಕತ್ತರಿಯಿಂದ ಕತ್ತರಿಸಿ, ಇಪ್ಪತ್ತಮೂರನೆಯ ಪುಟ ತೆಗೆದು ಓದಿದರು: "ಸಾದಾ ಪೆಟ್ರೋಲು ಸಾಕು. ಎಕ್ಸ್‌ಟ್ರಾ ಹಾಕಿದರೆ ಹಾನಿಯೂ ಇಲ್ಲ, ಲಾಭವೂ ಇಲ್ಲ."

ಎರಡು ಪಂಗಡದ ಮುಖವೂ ಸಪ್ಪಗಾಯಿತು. ದೋನ್ಯಾ ಓತಿಲ್ಯಾ ಮಾತ್ರ, ಆ ವಾಕ್ಯ ಇನ್ನೂ ಸ್ಪಷ್ಟವಾಗಿ ಬರೆಯಬಹುದಿತ್ತು ಎಂದು ತಿದ್ದಿದಳು.

ಆದರೆ ಅರ್ನೋಬಿಯೋ ತಣ್ಣಗಾಗಲಿಲ್ಲ. ಅವನ ಸಿಟ್ಟು ಈಗ ಮೊದಲಿಗಿಂತ ಹೆಚ್ಚಾಯಿತು. "ಹಾಗಾದ್ರೆ ತಪ್ಪು ಯಾರದು? ನಲವತ್ತೊಂದು ದಿನ! ಎಂಜಿನ್ನಿನ ತಪ್ಪಲ್ಲ, ಪೆಟ್ರೋಲಿನ ತಪ್ಪಲ್ಲ, ಶೋರೂಮಿನ ತಪ್ಪಲ್ಲ. ಯಾರಾದ್ರೊಬ್ಬರು ತಪ್ಪು ಮಾಡಿರಲೇಬೇಕಲ್ಲ ಮೇಡಂ! ಆ ಯೆಯ್ಸನ್ ನನಗೆ ಸರಿಯಾಗಿ ಹೇಳಬಹುದಿತ್ತು!"

"ಏನು ಹೇಳಿದ ಅವನು?"

"ನಾರ್ಮಲ್ ಅಂದ."

"ಅದೇ ತಾನೆ ಇವರು ಹೇಳ್ತಿರೋದು?"

"ಹೌದು ಮೇಡಂ, ಆದ್ರೆ ಅವನು ನಗ್ತಾ ಹೇಳಿದ!"

ಯಾನೆತ್ ಮೇಡಂ ಮುಂದೆ ವಾದಕ್ಕೆ ಅವಕಾಶ ಕೊಡದೆ ರಾಜಿಪತ್ರ ಬರೆಸಿದರು. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನ ಹನ್ನೆರಡರ ತನಕ ಗಾಡಿ ನೂಬಿಯಾಳದು. ಬಿಸ್ಕತ್ತಿನ ಸ್ಟ್ಯಾಂಡನ್ನು ಸೆನ್ಯೋರ್ ಉಲ್ಪಿಯಾನೋ ಮತ್ತೆ ಹಾಕತಕ್ಕದ್ದು. ಯಾವ ಪೆಟ್ರೋಲು ಎಂಬುದನ್ನು ಓಡಿಸುವವರು ತೀರ್ಮಾನಿಸತಕ್ಕದ್ದು.

"ಓಡಿಸೋಕೆ ಇವಳಿಗೆಲ್ಲಿ ಬರುತ್ತೆ?" ಎಂದ ಅರ್ನೋಬಿಯೋ, ಕೊನೆಯ ಆಸೆಯಿಂದ. "ಲೈಸೆನ್ಸೇ ಇಲ್ಲ."

ನೂಬಿಯಾ ಚೀಲದಿಂದ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಮೂರು ವರ್ಷದ ಹಿಂದಿನದು. ತಮ್ಮನ ಗಾಡಿಯಲ್ಲಿ ಕಲಿತಿದ್ದಳಂತೆ. ಅದರ ನಕಲಿಗೆ ದೃಢೀಕರಣದ ಮುದ್ರೆ ಒತ್ತಿದ್ದು ಅರ್ನೋಬಿಯೋನ ಕೈಯೇ. ರಾಶಿ ಕಾಗದದ ನಡುವೆ ಹೆಂಡತಿಯ ಹೆಸರನ್ನೂ ಓದದೆ ಒತ್ತಿದ್ದ. ನೋಟರಿಯವರು ಅದನ್ನು ನೋಡಿ ಕೆಮ್ಮಿದರು. ಅರ್ನೋಬಿಯೋ ರಾಜಿಪತ್ರವನ್ನು ಎರಡು ಸಲ ಓದಿ, ಒಂದು ಅಲ್ಪವಿರಾಮ ಸೇರಿಸಿ, ಸಹಿ ಹಾಕಿದ.

ಅಂಗಳದಿಂದ ಹೊರಬರುವಾಗ ಕಂಪಾದ್ರೆ ಪಕ್ಕದಲ್ಲೇ ನಡೆಯುತ್ತಿದ್ದ.

"ರಸ್ತೆಯಾಚೆಯಿಂದಾನೇ ನಿಮಗೆ ಗೊತ್ತಿತ್ತು, ಅಲ್ವಾ?" ಎಂದ ಅರ್ನೋಬಿಯೋ.

"ಮೊದಲನೇ ದಿನಾನೇ ಗೊತ್ತಿತ್ತು."

"ಹೇಳ್ಲಿಲ್ಲವಲ್ರೀ! ನಲವತ್ತೊಂದು ದಿನ ನನ್ನನ್ನ ಕುಣಿಸಿದ್ರಲ್ಲ!"

"ನೀವು ಆ ಕಾರ್ಡು ತೋರಿಸಿದ ದಿನ ನನಗೆ ಮೂರು ದಿನ ಊಟ ಸೇರ್ಲಿಲ್ಲ ಕಂಪಾದ್ರೆ," ಎಂದ ಉಲ್ಪಿಯಾನೋ. "ಬನ್ನಿ, ಸ್ಟ್ಯಾಂಡು ಹಾಕೋಣ. ನಟ್ಟು ನೀವು ಹಿಡ್ಕೊಳ್ಳಿ."

ಅರ್ನೋಬಿಯೋ ಮೇಲಂಗಿ ಕಳಚಿ ತೋಳು ಮಡಿಸಿದ. ಸಂಜೆಯವರೆಗೆ ಇಬ್ಬರೂ ನಟ್ಟು ಬಿಗಿಯುತ್ತ, ಬಿಗಿದದ್ದು ಸಾಲದೆಂದು ಜಗಳವಾಡುತ್ತ ಕೂತಿದ್ದರು.

ಶುಕ್ರವಾರ ಬೆಳಗ್ಗೆ ನೂಬಿಯಾ ಎರಡಲ್ಲ, ನಾಲ್ಕು ಡಬ್ಬಿ ಕಟ್ಟಿಕೊಂಡು ಹೊರಟಳು. ಎರ್ಮಿದೆಸ್ ಅವಳಿಗೆ ದಾರಿ ಮಾಡಿಕೊಡಲು ರಸ್ತೆ ಮಧ್ಯೆ ನಿಂತು ಬಸ್ಸಿಗೆ ಕೈ ತೋರಿಸಿದ. ಅರ್ನೋಬಿಯೋ ಬಾಗಿಲಲ್ಲಿ ನಿಂತು, "ಎರಡನೇ ಗೇರು! ಎರಡನೇದು!" ಎಂದು ಅವಳು ತಿರುವಿನಲ್ಲಿ ಮರೆಯಾದ ಮೇಲೂ ಕೂಗುತ್ತಿದ್ದ. ಅಂದು ಕಚೇರಿಯಲ್ಲಿ ಮೂರು ಕಾಗದಕ್ಕೆ ತಲೆಕೆಳಗಾಗಿ ಮುದ್ರೆ ಒತ್ತಿದ. ಹನ್ನೆರಡಕ್ಕೆ ಐದು ನಿಮಿಷವಿರುವಾಗಲೇ ಮನೆಯ ಮುಂದೆ ಬಂದು ನಿಂತ.

ನೂಬಿಯಾ ಖಾಲಿ ಡಬ್ಬಿಗಳೊಂದಿಗೆ ಬಂದು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಕೂದಲು ಕೆದರಿತ್ತು. ಹೆದ್ದಾರಿಯ ಎರಡು ಹೊಸ ಅಂಗಡಿಗಳವರು ನಾಳೆಯಿಂದ ಬಿಸ್ಕತ್ತು ಬೇಕೆಂದರು ಎಂದಳು. ಅರ್ನೋಬಿಯೋಗೆ ಅದು ಬೇಕಿರಲಿಲ್ಲ.

"ಶಬ್ದ ಹೇಗಿತ್ತು? ಏರಿನಲ್ಲಿ ಜಾಸ್ತಿ ಆಯ್ತಾ? ಒಣ ಟಕ್ಕಾ, ತೇವದ ಟಕ್ಕಾ?"

ನೂಬಿಯಾ ಡಬ್ಬಿಗಳ ಹಗ್ಗ ಬಿಚ್ಚಿದಳು.

"ಗೊತ್ತಾಗ್ಲಿಲ್ಲ ಕಣ್ರೀ. ನಾನು ಹಾಡ್ತಾ ಇದ್ದೆ."

"ಹಾಡ್ತಾ ಇದ್ಯಾ?" ಅರ್ನೋಬಿಯೋ ಬೀದಿಯ ಎರಡೂ ಕಡೆ ನೋಡಿದ, ಇದಕ್ಕೂ ಯಾರಾದರೂ ಸಾಕ್ಷಿ ಬೇಕೆನ್ನುವ ಹಾಗೆ. "ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಂದೆ ಒಂದು ಸಾಲು ಹಾಡಿದವಳಲ್ಲ! ಹೆದ್ದಾರಿಯಲ್ಲಿ, ಲಾರಿ ಡ್ರೈವರುಗಳ ಮುಂದೆ! ಇದನ್ನ ನಾನು ಸುಮ್ನೆ ಬಿಡಲ್ಲ ನೂಬಿಯಾ. ಯಾವ ಹಾಡು? ಹೇಳು, ಯಾವ ಹಾಡು?"

ಅವಳು ಡಬ್ಬಿಗಳನ್ನು ಅವನ ಕೈಗೆ ಕೊಟ್ಟು, ಆ ಹಾಡನ್ನೇ ಗುನುಗುತ್ತ ಒಳಗೆ ಹೋದಳು.